ಗೊಮ್ಮಟ ಮಲಗಿದ್ದ ದಿನಗಳು

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಹಿಂದಿನ ತೋಡಿಗೆ ಹಾಕಿದ್ದ ಕಲ್ಲಿನ ಸಂಕ ಮುರಿಯಿತು. ಅಜ್ಜನ ಕಾಲದಿಂದ ಇದ್ದ ಹಾಸುಗಲ್ಲು ಅದು. ಎಷ್ಟು ಭತ್ತದ ಮುಡಿ, ಎಷ್ಟು ಗೊಬ್ಬರದ ಬುಟ್ಟಿ ಅದರ ಮೇಲೆ ದಾಟಿವೆಯೋ ಲೆಕ್ಕವಿಲ್ಲ. ಒಂದು ದಿನ ಟಿಲ್ಲರ್ ಹತ್ತಿಸಿದರು, ಸರಿಯಾಗಿ ನಡು ಮಧ್ಯದಲ್ಲಿ ಎರಡು ತುಂಡಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ನೋಡಲು ಬಂದ ಮೇಸ್ತ್ರಿ ಬಗ್ಗಿ, ತುಂಡಿನ ಅಡಿ ಮುಟ್ಟಿ ನೋಡಿ, "ಇದು ಇವತ್ತು ಒಡೆದದ್ದಲ್ಲ ಮಾರಾಯ್ರೆ, ಅಡಿಯಿಂದ ಬಿರುಕು ಬಿಟ್ಟು ಎಷ್ಟೋ ವರ್ಷ ಆಗಿದೆ" ಎಂದರು. ಪಕ್ಕದ ಮನೆಯ ಹುಡುಗ ಮಣಿಪಾಲದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಅದನ್ನೇ ಹೇಳಿದ, ಆದರೆ ನೋಟ್‌ಬುಕ್ ತಂದು ಚಿತ್ರ ಬರೆದು ಹೇಳಿದ. ಅವರಿಗೆ ಮೊದಲ ವರ್ಷವೇ "ಮೆಕ್ಯಾನಿಕ್ಸ್ ಆಫ್ ಸಾಲಿಡ್ಸ್" ಅಂತ ಒಂದು ವಿಷಯ ಉಂಟಂತೆ. ಗಟ್ಟಿ ವಸ್ತುವಿನ ಮೇಲೆ ಭಾರ ಬಿದ್ದಾಗ ಅದರ ಒಳಗೆ ಏನಾಗುತ್ತದೆ, ಅದು ಎಲ್ಲಿ ಸೋಲುತ್ತದೆ ಎನ್ನುವ ಲೆಕ್ಕ.

"ಇದನ್ನು ಮೊದಲು ಲೆಕ್ಕ ಹಾಕಿದ್ದು ಗೆಲಿಲಿಯೋ ಅಣ್ಣ, 1638ರಲ್ಲಿ" ಎಂದ ಹುಡುಗ.

ನನಗೆ ತಕ್ಷಣ ನೆನಪಾದದ್ದು ಕಾರ್ಕಳ. 1638ರಲ್ಲಿ ಲೆಕ್ಕ ಶುರುವಾದರೆ, 1432ರಲ್ಲಿ 42 ಅಡಿ ಉದ್ದದ ಒಂದೇ ಕಲ್ಲನ್ನು ಗುಡ್ಡದ ತುದಿಗೆ ಹತ್ತಿಸಿದವರು ಯಾವ ಧೈರ್ಯದಲ್ಲಿ ಹತ್ತಿಸಿದರು?

ಗೊಮ್ಮಟನ ಕಥೆ ನಮಗೆಲ್ಲ ಗೊತ್ತು ಅಂದುಕೊಳ್ಳುತ್ತೇವೆ. ಭೈರರಸ ಮನೆತನದ ವೀರಪಾಂಡ್ಯ ಮಾಡಿಸಿದ, ಗುರು ಲಲಿತಕೀರ್ತಿ ಹೇಳಿದರು, 1432ರ ಫೆಬ್ರವರಿ 13ರಂದು ಪ್ರತಿಷ್ಠೆ ಆಯಿತು. ಇಷ್ಟು ಶಾಲೆಯಲ್ಲಿ ಹೇಳುತ್ತಾರೆ. ಕೆತ್ತಿದ್ದು, ನಿಲ್ಲಿಸಿದ್ದು ಹೇಳುತ್ತಾರೆ. ನಡುವೆ ಅವನು ಮಲಗಿದ್ದ ದಿನಗಳ ಮಾತು ಯಾರೂ ಆಡುವುದಿಲ್ಲ. ಆ ಕಲ್ಲಿಗೆ ಅತ್ಯಂತ ಅಪಾಯ ಇದ್ದದ್ದು ಆ ದಿನಗಳಲ್ಲಿಯೇ.

ಶ್ರವಣಬೆಳಗೊಳದ ಬಾಹುಬಲಿ ಸುಮಾರು 58 ಅಡಿ. ಆದರೆ ಅವನು ಬೆಟ್ಟದ ಬಂಡೆಯಲ್ಲೇ ಹುಟ್ಟಿ ಅಲ್ಲೇ ನಿಂತವನು. ಹತ್ತನೇ ಶತಮಾನದ ಕೊನೆಯಲ್ಲಿ ಬಂಡೆಯ ಸುತ್ತಲಿನ ಕಲ್ಲು ತೆಗೆದರು, ಅವನು ಉಳಿದ. ಒಂದು ದಿನವೂ ಮಲಗಿದವನಲ್ಲ. ಕಾರ್ಕಳದವನ ವಿಷಯದಲ್ಲಿ ಪರಂಪರೆ ಹೇಳುವುದು ಬೇರೆ: ಬೇರೆ ಕಡೆ ಕೆತ್ತಿ, ಬಂಡಿಯ ಮೇಲೆ ಗುಡ್ಡಕ್ಕೆ ತಂದದ್ದು. 19ನೇ ಶತಮಾನದಲ್ಲಿ ದಕ್ಷಿಣ ಕೆನರಾದಲ್ಲಿ ಅಧಿಕಾರಿಯಾಗಿದ್ದ ವಾಲ್‌ಹೌಸ್ ಇಲ್ಲಿನ ಜನರ ಬಾಯಿಂದ ಕೇಳಿದ್ದನ್ನು ಬರೆದಿಟ್ಟಿದ್ದಾನೆ. ಉಕ್ಕಿನ ಚಕ್ರದ ಇಪ್ಪತ್ತು ಕಬ್ಬಿಣದ ಬಂಡಿಗಳ ಸಾಲು, ಮೂರ್ತಿಗೆ ಸುತ್ತಿದ ರಾಶಿ ರಾಶಿ ಹತ್ತಿ, ಒಡೆದ ಸಾವಿರಾರು ತೆಂಗಿನಕಾಯಿ, ಇಳಿಜಾರು ದಾರಿ ಕಟ್ಟಿ ಎಳೆದ ಭಕ್ತರ ದಂಡು. ಮೂರ್ತಿಯ ತೂಕವನ್ನು ಆಗಿನ ಬ್ರಿಟಿಷರು ಸುಮಾರು 80 ಟನ್ ಎಂದು ಅಂದಾಜು ಮಾಡಿದ್ದರು.

ಬಾಯಿಮಾತಿನ ಕಥೆ. ಇಪ್ಪತ್ತೋ ಹದಿನೆಂಟೋ, ಬಂಡಿ ಕಬ್ಬಿಣದ್ದೋ ಮರದ್ದೋ, ನಾನು ಪ್ರಮಾಣ ಮಾಡಲಾರೆ. ಆದರೆ ಕಥೆಯಲ್ಲಿ "ಒಂದು ದೊಡ್ಡ ಬಂಡಿ" ಎಂದಿಲ್ಲ, "ಇಪ್ಪತ್ತು ಬಂಡಿ" ಎಂದಿದೆ. ಅದನ್ನು ಸ್ವಲ್ಪ ಹಿಡಿದುಕೊಳ್ಳಿ.

ಈಗ ಒಂದು ಚಾಕ್‌ಪೀಸ್ ತೆಗೆದುಕೊಳ್ಳಿ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಬೆರಳಿನಿಂದ ಒತ್ತಿ. ಪುಡಿ ಮಾಡುವುದು ಸುಲಭವಲ್ಲ. ಅದನ್ನೇ ಅಡ್ಡ ಹಿಡಿದು ಎರಡು ಬೆರಳಲ್ಲಿ ಬಗ್ಗಿಸಿ, ಟಪ್ ಅಂತ ಮುರಿಯುತ್ತದೆ. ಚಾಕ್ ಅದೇ, ಬೆರಳೂ ಅದೇ. ಬಗ್ಗಿಸುವಾಗ ಒಂದು ಬದಿ ಅದುಮಿ ಗಿಡ್ಡ ಆಗುತ್ತದೆ, ಎದುರು ಬದಿ ಎಳೆದು ಉದ್ದ ಆಗುತ್ತದೆ. ಅದುಮಿದರೆ ತಡೆಯುವ ಕಲ್ಲು ಎಳೆದರೆ ತಡೆಯುವುದಿಲ್ಲ. ನಮ್ಮ ಕರಿಕಲ್ಲು, ಅಂದರೆ ಗ್ರಾನೈಟ್, ಅದುಮಿದರೆ ಒಂದು ಚದರ ಸೆಂಟಿಮೀಟರ್‌ಗೆ 1000 ಕೆ.ಜಿ.ಗೂ ಹೆಚ್ಚು ಹೊರುತ್ತದೆ. ಎಳೆದರೆ ಹೆಚ್ಚುಕಡಿಮೆ 100 ಕೆ.ಜಿ. ಅಷ್ಟೆ. ಒಳಗೆ ಕಾಣದ ಸೀಳು ಇದ್ದರೆ ಅದೂ ಇಲ್ಲ.

ಹುಡುಗನ ಜೊತೆ ಕೂತು ಗೊಮ್ಮಟನಿಗೆ ಒಂದು ಒರಟು ಲೆಕ್ಕ ಹಾಕಿದೆ. ಮೊದಲು ನಿಂತ ಗೊಮ್ಮಟ. 80 ಟನ್ ಭಾರವೆಲ್ಲ ಎರಡು ಪಾದದ ಬುಡಕ್ಕೆ ಬರುತ್ತದೆ. ಎರಡೂ ಸೇರಿ ಒಂದು ಚದರ ಮೀಟರ್ ಎಂದು ಹಿಡಿದರೆ ಚದರ ಸೆಂಟಿಮೀಟರ್‌ಗೆ 8 ಕೆ.ಜಿ. ಆಯಿತು. ಕಲ್ಲಿಗೆ 1000 ಹೊರುವ ತಾಕತ್ತು, ಬಿದ್ದ ಭಾರ 8. ನೂರರಲ್ಲಿ ಒಂದು ಪಾಲೂ ಇಲ್ಲ. ಆರು ಶತಮಾನದ ಹತ್ತಿರ ನಿಂತಿದ್ದಾನೆ, ಇನ್ನೂ ಎಷ್ಟೋ ನಿಲ್ಲಬಲ್ಲ.

ಇನ್ನು ಮಲಗಿದ ಗೊಮ್ಮಟ. 42 ಅಡಿ ಎಂದರೆ 12.8 ಮೀಟರ್. ಉದ್ದಕ್ಕೂ ಒಂದೇ ದಪ್ಪದ ಕಲ್ಲು, ದಪ್ಪ ಒಂದು ಮೀಟರ್ ಎಂದಿಟ್ಟುಕೊಳ್ಳಿ. ತಲೆಯ ತುದಿಗೊಂದು, ಕಾಲಿನ ತುದಿಗೊಂದು ಆಸರೆ ಕೊಟ್ಟು ಅಡ್ಡ ಮಲಗಿಸಿದರೆ, ತನ್ನದೇ ತೂಕಕ್ಕೆ ನಡುವೆ ಬಗ್ಗಲು ನೋಡುತ್ತದೆ. ಆಗ ನಡುಭಾಗದ ಅಡಿಯಲ್ಲಿ ಬರುವ ಎಳೆತ ಚದರ ಸೆಂಟಿಮೀಟರ್‌ಗೆ ಸುಮಾರು 33 ಕೆ.ಜಿ. ಇಲ್ಲಿ ತಾಕತ್ತು 1000 ಅಲ್ಲ, 100. ಮೂರರಲ್ಲಿ ಒಂದು ಪಾಲು ಆಗಲೇ ಖರ್ಚಾಯಿತು. ಮೆಲ್ಲಗೆ ಇಟ್ಟ ಭಾರಕ್ಕಿಂತ ತಟ್ಟನೆ ಬಿಟ್ಟ ಭಾರ ಎರಡು ಪಟ್ಟು ಕೆಲಸ ಮಾಡುತ್ತದೆ, ಹಾಗಾಗಿ ಚಕ್ರ ಒಂದು ಗುಂಡಿಗೆ ಧಡ್ ಅಂತ ಇಳಿದರೆ 33 ಹೋಗಿ 66. ಕೆತ್ತಿದ ಮೂರ್ತಿ ಒಂದೇ ದಪ್ಪ ಇರುವುದೂ ಇಲ್ಲ, ಮೊಣಕಾಲಿನ ಹತ್ತಿರ ಸಪೂರ. ಕಾಲುಗಳ ಹಿಂದೆ ಆಸರೆಗೆ ಕಲ್ಲು ಬಿಟ್ಟು ಕೆತ್ತಿದ್ದು ಯಾಕೆ ಅಂತ ಈ ಲೆಕ್ಕ ಹಾಕಿದ ಮೇಲೆ ನನಗೆ ಬೇರೆ ರೀತಿಯಲ್ಲಿ ಅರ್ಥವಾಯಿತು.

ಕಂಗು ಅಥವಾ ತೆಂಗಿನ ಮರದ ಕಾಂಡ ಇಬ್ಬರು ಹೊರುವುದನ್ನು ನೋಡಿದ್ದೀರಲ್ಲ. ಯಾರೂ ತುದಿಯಲ್ಲಿ ಹೆಗಲು ಕೊಡುವುದಿಲ್ಲ, ಸ್ವಲ್ಪ ಒಳಗೆ ಕೊಡುತ್ತಾರೆ. ಹೊರಗೆ ಉಳಿದ ಎರಡು ತುದಿಗಳ ತೂಕ ನಡುವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಲೆಕ್ಕ ಹಾಕಿದರೆ, ತುದಿಯಿಂದ ಐದನೇ ಒಂದು ಪಾಲಿಗಿಂತ ತುಸುವೇ ಹೆಚ್ಚು ಒಳಗೆ ಆಸರೆ ಕೊಟ್ಟಾಗ ಬಾಗುವಿಕೆ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಗೊಮ್ಮಟನ 33 ಕೆ.ಜಿ. 6ಕ್ಕೆ ಬರುತ್ತದೆ. ಸೂತ್ರ ಗೊತ್ತಿಲ್ಲದೆಯೂ ಹೆಗಲಿಗೆ ಇದು ಗೊತ್ತು.

ಹಾಗಾದರೆ ಆಸರೆ ಜಾಸ್ತಿ ಮಾಡಿದಷ್ಟೂ ಒಳ್ಳೆಯದಲ್ಲವೇ? ಎರಡರ ಬದಲು ಮೂರು, ಮೂರರ ಬದಲು ಇಪ್ಪತ್ತು? ಇಲ್ಲಿಯೇ ಗೆಲಿಲಿಯೋ ಬರುವುದು.

ಸೂರ್ಯನ ಸುತ್ತ ಭೂಮಿ ತಿರುಗುತ್ತದೆ ಎಂದದ್ದಕ್ಕೆ ಶಿಕ್ಷೆಯಾಗಿ ಮುದುಕ ಗೆಲಿಲಿಯೋನನ್ನು ಇಟಲಿಯ ಫ್ಲಾರೆನ್ಸ್ ಹತ್ತಿರ ಮನೆಯಲ್ಲೇ ಬಂಧಿಸಿ ಇಟ್ಟಿದ್ದರು. ಅಲ್ಲಿ ಕೂತು ಅವನು ಬರೆದ ಕೊನೆಯ ಪುಸ್ತಕ 1638ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವನಿಗೆ ಕಣ್ಣು ಹೋಗಿತ್ತು. ಆ ಪುಸ್ತಕ ಶುರುವಾಗುವುದು ನಕ್ಷತ್ರದಿಂದಲ್ಲ, ವೆನಿಸ್ ನಗರದ ಹಡಗು ಕಟ್ಟುವ ಜಾಗದಿಂದ. ಮಲ್ಪೆಯಲ್ಲಿ ದೋಣಿ ಕಟ್ಟುವವರ ಹತ್ತಿರ ಕೂತು ಮಾತಾಡಿದ ಹಾಗೆ. ಕೆಲಸಗಾರರಿಂದ ಕಲಿಯುವುದು ಬಹಳ ಇದೆ ಎಂದು ಅವನು ಮೊದಲೇ ಒಪ್ಪಿಕೊಳ್ಳುತ್ತಾನೆ.

ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಒಂದು ದೊಡ್ಡ ಅಮೃತಶಿಲೆಯ ಕಂಬವನ್ನು ಎರಡು ತುದಿಗೆ ಮರದ ದಿಮ್ಮಿ ಕೊಟ್ಟು ಮಲಗಿಸಿದ್ದರು. ನಡುವೆ ಮುರಿದೀತು ಎಂದು ಒಬ್ಬನಿಗೆ ಹೆದರಿಕೆಯಾಯಿತು. ನಡುವೆಯೂ ಒಂದು ದಿಮ್ಮಿ ಕೊಡೋಣ ಎಂದ. ಎಲ್ಲರೂ ಹೌದು ಹೌದು ಎಂದರು. ಕೆಲವು ತಿಂಗಳಾದ ಮೇಲೆ ನೋಡಿದರೆ ಕಂಬ ಮುರಿದಿದೆ, ಅದೂ ಸರಿಯಾಗಿ ಆ ಹೊಸ ದಿಮ್ಮಿಯ ಮೇಲೆ. ಆದದ್ದಿಷ್ಟು: ಒಂದು ತುದಿಯ ಹಳೆಯ ದಿಮ್ಮಿ ಲಡ್ಡಾಗಿ ಕುಸಿಯಿತು, ನಡುವಿನದು ಗಟ್ಟಿಯಾಗಿ ನಿಂತಿತು. ಒಂದು ಬದಿ ಪೂರ್ತಿ ಗಾಳಿಯಲ್ಲಿ ನೇತಾಡಿತು. ಎರಡೇ ದಿಮ್ಮಿ ಇದ್ದಿದ್ದರೆ, ಒಂದು ಕುಸಿದರೂ ಕಂಬ ಅದರ ಜೊತೆಗೇ ಇಳಿಯುತ್ತಿತ್ತು, ಮುರಿಯುತ್ತಿರಲಿಲ್ಲ.

ಈಗ ಇದನ್ನು ಗೊಮ್ಮಟನ ಇಪ್ಪತ್ತು ಬಂಡಿಗೆ ಹೊಂದಿಸಿ. ಸಮ ನೆಲದಲ್ಲಿ ಬಂಡಿಗೆ 4 ಟನ್‌ನಂತೆ ಎಲ್ಲವೂ ಸಮನಾಗಿ ಹೊತ್ತರೆ ಮೂರ್ತಿ ಬಾಗುವ ಪ್ರಶ್ನೆಯೇ ಇಲ್ಲ. ಆದರೆ ಗುಡ್ಡ ಸಮ ನೆಲ ಅಲ್ಲ. ಬುಡದಲ್ಲಿ ಏರು ಶುರುವಾಗುವ ಜಾಗದಲ್ಲಿ ಮುಂದಿನ ಬಂಡಿ ಏರಿನ ಮೇಲೆ, ಹಿಂದಿನ ಬಂಡಿ ತಟ್ಟಿನ ಮೇಲೆ. ನಡುವಿನ ಬಂಡಿಗಳಿಗೆ ಮೂರ್ತಿ ಮುಟ್ಟುವುದೇ ಇಲ್ಲ. ಎರಡು ತುದಿಯ ಆಸರೆಯ ಲೆಕ್ಕ ವಾಪಸ್ ಬಂತು: ಅಡಿಯಲ್ಲಿ 33 ಕೆ.ಜಿ. ಎಳೆತ. ಗುಡ್ಡದ ತಲೆಯಲ್ಲಿ ಏರು ಮುಗಿದು ತಟ್ಟು ಬರುವಾಗ ಇದರ ಉಲ್ಟಾ. ನಡುವಿನ ಬಂಡಿ ಮಾತ್ರ ಹೊರುತ್ತದೆ, ತಲೆ ಕಾಲು ಎರಡೂ ಗಾಳಿಯಲ್ಲಿ. ಗೆಲಿಲಿಯೋನ ಕಂಬದ ಹಾಗೆಯೇ. ಲೆಕ್ಕ ಮಾಡಿ ನೋಡಿದರೆ ಸೋಜಿಗ, ಎಳೆತ ಮತ್ತೆ ಅಷ್ಟೇ 33 ಕೆ.ಜಿ., ಆದರೆ ಈ ಬಾರಿ ಮೇಲಿನ ಬದಿಯಲ್ಲಿ. ಒಂದೇ ಪ್ರಯಾಣದಲ್ಲಿ ಒಂದು ಸಲ ಬೆನ್ನು, ಒಂದು ಸಲ ಎದೆ.

ಇದರಿಂದ ಪಾರಾಗಲು ದಾರಿ ಎರಡೇ. ಏರನ್ನು ಬಹಳ ಉದ್ದಕ್ಕೆ, ಬಹಳ ಮೆಲ್ಲಗೆ ಬಾಗುವಂತೆ ಕಟ್ಟುವುದು. ಇಲ್ಲವೇ ಬಂಡಿ ಮತ್ತು ಮೂರ್ತಿಯ ನಡುವೆ ಅದುಮಿದರೆ ತಗ್ಗುವ, ಬಿಟ್ಟರೆ ಉಬ್ಬುವ ಏನಾದರೂ ತುಂಬುವುದು. ಕಥೆಯಲ್ಲಿ ಇಳಿಜಾರು ದಾರಿಯೂ ಉಂಟು, ಹತ್ತಿಯೂ ಉಂಟು. ಹತ್ತಿ ಕೆತ್ತನೆಗೆ ತರಚು ಗಾಯ ಆಗದಿರಲಿ ಎಂದು ಹಾಕಿದ್ದಿರಬಹುದು. ಇದನ್ನು ಹೇಳುವುದು ಯಾಕೆಂದರೆ, "ನಮ್ಮ ಹಿರಿಯರಿಗೆ ಎಲ್ಲ ವಿಜ್ಞಾನ ಗೊತ್ತಿತ್ತು" ಎಂಬ ವಾಟ್ಸ್ಆ್ಯಪ್ ಸಾಲಿಗೆ ನಾನು ಇನ್ನೊಂದು ಸಾಲು ಸೇರಿಸುವುದಿಲ್ಲ. ಅವರಿಗೆ ಸೂತ್ರ ಗೊತ್ತಿರಲಿಲ್ಲ. ಕಲ್ಲು ಒಡೆದಾಗ ಎಲ್ಲಿಂದ ಒಡೆಯಿತು ಎಂದು ನೋಡುವ ಕಣ್ಣು ಇತ್ತು. ಒಡೆದ ಕಲ್ಲುಗಳು ಚರಿತ್ರೆಯಲ್ಲಿ ಉಳಿಯುವುದಿಲ್ಲ, ನಿಂತದ್ದು ಮಾತ್ರ ಉಳಿಯುತ್ತದೆ. ಗೊಮ್ಮಟನಿಗೆ ಮೊದಲು ಎಷ್ಟು ಕಲ್ಲು ಅರ್ಧ ದಾರಿಯಲ್ಲಿ ಹೋಗಿರಬಹುದು, ಎಷ್ಟು ಜನರ ಕೈಕಾಲು ಹೋಗಿರಬಹುದು ಎಂದು ಯಾವ ಶಾಸನದಲ್ಲೂ ಬರೆಸುವುದಿಲ್ಲ.

ಅದೇ ಪ್ರಶ್ನೆ ನಮ್ಮ ಕಾಲದಲ್ಲೂ ಬಂತು. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಕೈಯಲ್ಲಿ. 1970ರ ದಶಕದಲ್ಲಿ ಆ ಮೂರ್ತಿಯನ್ನು ಮಲಗಿಸಿ, ಬಹುಚಕ್ರದ ಟ್ರಾಲಿಯಲ್ಲಿ ಘಟ್ಟದ ತಪ್ಪಲಿನ ರಸ್ತೆಯಲ್ಲಿ ಒಯ್ದರು. ನೋಡಿದ ಹಿರಿಯರು ಈಗಲೂ ಇದ್ದಾರೆ, ಕೇಳಿ ನೋಡಿ. ಈಗ ಎನ್‌ಎಚ್ 66ರಲ್ಲಿ ಆಗಾಗ ಸಿಗುವ ನೂರು ಕಾಲಿನ ಚೇರಟೆಯಂಥ ಟ್ರೇಲರ್‌ಗಳಲ್ಲಿ ಚಕ್ರದ ಜೋಡಿಗಳಿಗೆ ಎಣ್ಣೆಯ ಕೊಳವೆಯ ಸಂಪರ್ಕ ಇರುತ್ತದೆ. ಒಂದು ಚಕ್ರ ಗುಂಡಿಗೆ ಇಳಿದರೆ ಅದು ಕೆಳಗೆ ಚಾಚುತ್ತದೆ, ದಿಬ್ಬ ಹತ್ತಿದರೆ ಒಳಗೆ ಹೋಗುತ್ತದೆ, ಹೊರುವ ಭಾರ ಮಾತ್ರ ಅಷ್ಟೇ. ಹತ್ತಿಯ ಕೆಲಸವನ್ನು ಈಗ ಎಣ್ಣೆ ಮಾಡುತ್ತದೆ.

ಗೊಮ್ಮಟ ಗುಡ್ಡದಿಂದ ಎದುರಿಗೆ ಕಾಣುವುದು ಚತುರ್ಮುಖ ಬಸದಿ. 1586ರಲ್ಲಿ ಇಮ್ಮಡಿ ಭೈರವ ಕಟ್ಟಿಸಿದ್ದು, ಗೆಲಿಲಿಯೋನ ಪುಸ್ತಕಕ್ಕೆ ಇನ್ನೂ 52 ವರ್ಷ ಬಾಕಿ ಇದ್ದಾಗ. ಕಂಬ, ತೊಲೆ, ಮಾಡು ಎಲ್ಲ ಕಲ್ಲು. 108 ಕಂಬ. 108 ಪವಿತ್ರ ಸಂಖ್ಯೆ, ಅದರಲ್ಲಿ ಇಂಜಿನಿಯರಿಂಗ್ ಹುಡುಕುವುದು ಬೇಡ. ಆದರೆ ಒಳಗೆ ಹೋದಾಗ ಕತ್ತೆತ್ತಿ ಕಂಬದಿಂದ ಕಂಬಕ್ಕೆ ಎಷ್ಟು ದೂರ ಎಂದು ನೋಡಿ. ಕಲ್ಲಿನ ತೊಲೆಯ ಉದ್ದ ಎರಡು ಪಟ್ಟು ಮಾಡಿದರೆ ಅದರ ಸ್ವಂತ ತೂಕದಿಂದ ಬರುವ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಮೂರು ಪಟ್ಟಿಗೆ ಒಂಬತ್ತು. ಅದಕ್ಕೇ ಕಲ್ಲಿನ ಗುಡಿ ಯಾವತ್ತೂ ಕಂಬಗಳ ಕಾಡು. ಮದುವೆ ಹಾಲ್‌ನಂಥ ಖಾಲಿ ಅಂಗಳ ಕಲ್ಲಿನ ತೊಲೆಯಲ್ಲಿ ಆಗುವ ಮಾತಲ್ಲ.

ಕಾಪುವಿನ ದೀಪಸ್ತಂಭದ್ದು ಇದೇ ಲೆಕ್ಕದ ಇನ್ನೊಂದು ಮುಖ. 1901ರದ್ದು, ಸುಮಾರು 27 ಮೀಟರ್ ಎತ್ತರ, ಬಂಡೆಯ ಮೇಲೆ ಗಾರೆಯಲ್ಲಿ ಕಟ್ಟಿದ್ದು. ಜೂನ್‌ನಲ್ಲಿ ಪಡುವಣ ಗಾಳಿ ಬಡಿಯುವಾಗ ಗೋಪುರ ನೆಲದಲ್ಲಿ ನೆಟ್ಟ ಕೋಲಿನಂತೆ ಬಾಗಲು ನೋಡುತ್ತದೆ, ಕಡಲಿನ ಬದಿಯ ಗೋಡೆಯಲ್ಲಿ ಎಳೆತ ಹುಟ್ಟುತ್ತದೆ. ಆದರೆ ಗೋಪುರದ ಸ್ವಂತ ತೂಕ ಅದೇ ಗೋಡೆಯನ್ನು ಅದುಮುತ್ತಲೂ ಇರುತ್ತದೆ. ಅದುಮುವುದು ಎಳೆಯುವುದಕ್ಕಿಂತ ಹೆಚ್ಚಿರುವ ತನಕ ಗಾರೆಯ ಸಂದು ಬಾಯಿ ಬಿಡುವುದಿಲ್ಲ. ಅಲ್ಲಿ ತೂಕವೇ ಕಾಪಾಡುವುದು.

ಗೆಲಿಲಿಯೋನ ಲೆಕ್ಕವೂ ಪೂರ್ತಿ ಸರಿ ಇರಲಿಲ್ಲ ಎನ್ನುವುದನ್ನು ಹೇಳಿಬಿಡುತ್ತೇನೆ. ಬಾಗುವ ತೊಲೆಯ ಇಡೀ ಅಡ್ಡಕೊಯ್ತ ಎಳೆತದಲ್ಲೇ ಇರುತ್ತದೆ ಎಂದು ಅವನು ತಿಳಿದಿದ್ದ. ಅದರಿಂದ ತೊಲೆಯ ತಾಕತ್ತು ನಿಜಕ್ಕಿಂತ ಮೂರು ಪಟ್ಟು ಹೆಚ್ಚು ಬರುತ್ತದೆ. ಅವನನ್ನು ನಂಬಿ ಸೇತುವೆ ಕಟ್ಟಿದ್ದರೆ ಗತಿ ಏನು! ಅರ್ಧ ಅದುಮು, ಅರ್ಧ ಎಳೆತ, ನಡುವೆ ಎರಡೂ ಇಲ್ಲದ ಒಂದು ಪದರ ಎಂಬುದನ್ನು ಫ್ರಾನ್ಸಿನ ಕೂಲಂಬ್ 1773ರಲ್ಲಿ ಸರಿಯಾಗಿ ಬರೆದ, ನಾವಿಯೇ 1826ರಲ್ಲಿ ಅದನ್ನು ಪಾಠಪುಸ್ತಕಕ್ಕೆ ತಂದ. 1957ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದಲ್ಲಿ ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದರು. ಗೊಮ್ಮಟನಿಂದ ನಲವತ್ತು ಕಿಲೋಮೀಟರ್‌ಗಿಂತ ಕಡಿಮೆ ದೂರ. ಈಗ ಪಕ್ಕದ ಮನೆಯ ಹುಡುಗ ಪರೀಕ್ಷೆಗೆ ಓದುವುದು ಇದನ್ನೇ.

ನಾನು ಹನ್ನೆರಡು ವರ್ಷದಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೇನೆ. "ಸನ್‌ಶೇಡ್ ಕುಸಿದು ಕಾರ್ಮಿಕ ಸಾವು" ಎಂಬ ಎರಡು ಪ್ಯಾರಾದ ಸುದ್ದಿಯನ್ನು ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದೇನೆ. ಹೆಸರು, ವಯಸ್ಸು, ಠಾಣೆ ಕೇಳಿದೆ. ಕಬ್ಬಿಣ ಎಲ್ಲಿತ್ತು ಎಂದು ಒಮ್ಮೆಯೂ ಕೇಳಲಿಲ್ಲ. ಕಾಂಕ್ರೀಟ್ ಕೂಡ ಕಲ್ಲಿನ ಜಾತಿಯೇ, ಎಳೆತ ತಡೆಯುವುದಿಲ್ಲ. ಎಳೆತ ಇರುವ ಬದಿಗೆ ಸರಳು ಹಾಕುವುದೇ ಇಡೀ ಉಪಾಯ. ಎರಡು ಗೋಡೆಯ ಮೇಲೆ ಕೂತ ಸ್ಲ್ಯಾಬ್‌ನ ನಡುಭಾಗದಲ್ಲಿ ಎಳೆತ ಅಡಿಯಲ್ಲಿ, ಸರಳು ಅಡಿಯಲ್ಲಿ. ಗೋಡೆಯಿಂದ ಹೊರಗೆ ಚಾಚಿದ ಸನ್‌ಶೇಡ್‌ನಲ್ಲಿ ಎಳೆತ ಮೇಲೆ, ಸರಳು ಮೇಲೆ. ಮೇಲೆ ಕಟ್ಟಿದ ಸರಳನ್ನು ಕಾಂಕ್ರೀಟ್ ಸುರಿಯುವವರು ಮೆಟ್ಟಿ ಅಡಿಗೆ ಇಳಿಸಿದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಬೀಳಬಹುದು, ಇಲ್ಲವೇ ಹತ್ತು ವರ್ಷ ಕಳೆದು ಯಾರಾದರೂ ಹತ್ತಿದಾಗ. ಗುಡ್ಡದ ಬುಡದಲ್ಲಿ ಬೆನ್ನು, ತಲೆಯಲ್ಲಿ ಎದೆ ಎಂದೆನಲ್ಲ, ಅದೇ. ನಿಮ್ಮ ಮನೆಯ ಕೆಲಸ ನಡೆಯುತ್ತಿದ್ದರೆ ಕಾಂಕ್ರೀಟ್ ಹಾಕುವ ದಿನ ನೀವೇ ಅಲ್ಲಿರಿ.

ನಮ್ಮ ತೋಡಿನ ಸಂಕ ಈ ಮಳೆಗಾಲಕ್ಕೆ ಮೊದಲು ಮತ್ತೆ ಎದ್ದಿತು. ಶಾಲೆಗೆ ಹೋಗುವ ಮಕ್ಕಳಿಗೆ ಬೇರೆ ದಾರಿ ಇಲ್ಲ, ಕಂಗಿನ ಮರದ ಕಾಲುಸಂಕ ನಾಲ್ಕು ತಿಂಗಳು ದಾಟಿಸಿತು, ಒಬ್ಬರಲ್ಲ ಒಬ್ಬರು ದೊಡ್ಡವರು ದಿನಾ ಕೈ ಹಿಡಿದು. ಹೊಸದು ಕಾಂಕ್ರೀಟ್ ಹಾಸು. ಹುಡುಗ ಟೇಪ್ ಹಿಡಿದು ಅಡಿಯ ಸರಳಿಗೆ ಎಷ್ಟು ಕವರ್ ಬಿಟ್ಟಿದ್ದಾರೆ ಅಂತ ಅಳೆದ. ಮೇಸ್ತ್ರಿಗೆ ಸ್ವಲ್ಪ ಸಿಟ್ಟು ಬಂತು, ಆದರೆ ಅಳೆಯಲು ಬಿಟ್ಟರು. ಅಜ್ಜನ ಕಾಲದ ಕಲ್ಲಿನ ಎರಡು ತುಂಡುಗಳನ್ನು ಬಿಸಾಡಲಿಲ್ಲ. ತೋಡಿನ ಎರಡು ದಂಡೆಯಲ್ಲಿ ನೆಟ್ಟಗೆ ನಿಲ್ಲಿಸಿ ಹೂತಿದ್ದಾರೆ. ಹೊಸ ಹಾಸು ಕೂತಿರುವುದು ಅವುಗಳ ತಲೆಯ ಮೇಲೆ.